ಮರಳಿಯ ಬಣವಿಯಲ್ಲಿ ಸಿಕ್ಕ ಕಿಣ್ವ

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನಮ್ಮ ಮನೆಗೆ ಬಂದರೆ ಮೊದಲು ಕೇಳುವುದು, "ನಿಮ್ಮ ಕಾಲದಾಗ ಯಾವ ಯಾವ ಯಂತ್ರ ಇದ್ದವ್ರಿ ಮೇಡಂ?" ಎಂದು. ಒಂದು ತಕ್ಕಡಿ, ಎರಡು ಬಿಸಿನೀರಿನ ತೊಟ್ಟಿ, ಒಂದು ಸ್ಟಾಪ್‌ವಾಚು, ಒಂದು ಫ್ರಿಜ್ಜು ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ಆ ಫ್ರಿಜ್ಜಿಗೂ ಕರೆಂಟು ಇದ್ದ ದಿನವೇ ಹಬ್ಬ. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಸರ್ವಿಸ್ ಬುಕ್ಕು ಹೇಳುತ್ತದೆ. ಅದರಲ್ಲಿ ಬರೆಯಲು ಕಾಲಮ್ಮೇ ಇಲ್ಲದ ಸಂಗತಿಗಳನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ನಾನು ಕುಷ್ಟಗಿಯವಳು, ಹೆಸರು ಸರೋಜಾ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಎಪ್ಪತ್ತರ ದಶಕದ ನಡುವಿನಲ್ಲಿ ಗಂಗಾವತಿಯ ಒಂದು ಸಣ್ಣ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದೆ. ಕಾಲುವೆ ನೀರು ಬಂದು ಊರ ಸುತ್ತ ಭತ್ತ ಬೆಳೆಯುತ್ತಿದ್ದ ಕಾಲ. ರೈತರು ಚೀಲದಲ್ಲಿ ತಂದ ಮಣ್ಣು ನೋಡುವುದು, ಅಂಗಡಿಗಳಿಂದ ಬಂದ ಯೂರಿಯಾ ಶುದ್ಧವೋ ಕಲಬೆರಕೆಯೋ ಎಂದು ಪರೀಕ್ಷಿಸುವುದು, ಇದು ನಮ್ಮ ಕೆಲಸ. ನಾವಿದ್ದದ್ದು ಮೂರೇ ಜನ. ಮುಖ್ಯಸ್ಥರು ದೇಸಾಯಿಯವರು, ಗಾಜಿನ ಸಾಮಾನು ತೊಳೆದು ಒಲೆ ನೋಡಿಕೊಳ್ಳುವ ಹಿರಿಯ ಅಟೆಂಡರ್ ಖಾಜಾಸಾಬ್, ಮತ್ತು ನಾನು.

ದೇಸಾಯಿಯವರದು ಒಂದೇ ಕಾನೂನು. ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಮುಟ್ಟುವಂತಿಲ್ಲ. ತಪ್ಪಿದರೆ ಒಂದೇ ಗೆರೆ ಎಳೆದು, ಕೆಳಗಿನ ಅಂಕಿ ಕಾಣುವ ಹಾಗೆ ಹೊಡೆದು, ಪಕ್ಕದಲ್ಲಿ ಸಹಿ ಹಾಕಬೇಕು. "ತಪ್ಪು ಮಾಡೂದು ಮನಷಾರ ಗುಣ ಅದ ಸರೋಜಾ. ಅದನ್ನ ಮುಚ್ಚಿಡೂದು ಮಾತ್ರ ಈ ಖೋಲಿಯೊಳಗ ನಡ್ಯೂದಿಲ್ಲ" ಎಂದು ಮೊದಲ ದಿನವೇ ಹೇಳಿದ್ದರು. ಆ ಮಾತಿನ ಭಾರ ನನಗೆ ತಿಳಿದದ್ದು ಬಹಳ ತಡವಾಗಿ.

ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಕೊಪ್ಪಳದ ಕಡೆಯಿಂದ ಒಬ್ಬ ಹೆಂಗಸು ಬಂದಳು. ಹೆಸರು ಶಂಕ್ರಮ್ಮ. ವಯಸ್ಸು ನಲವತ್ತರ ಆಸುಪಾಸು. ನೇಕಾರರ ಓಣಿಯಲ್ಲಿ ಎಂಟು ಹೆಂಗಸರನ್ನು ಕೂಡಿಸಿಕೊಂಡು ಮಗ್ಗದಿಂದ ಬಂದ ಬಟ್ಟೆಗೆ ಬಣ್ಣ ಹಾಕುವ ಕೆಲಸ ಮಾಡುತ್ತಿದ್ದಳು. ಮಾತಾಡುವುದಕ್ಕೆ ಮೊದಲು ಎರಡೂ ಕೈ ಅಂಗೈ ಕಾಣುವ ಹಾಗೆ ಮೇಜಿನ ಮೇಲಿಟ್ಟಳು. ಅಂಗೈ ಬಿರುಕು ಬಿಟ್ಟು, ಬೆರಳ ಸಂದಿಯಲ್ಲಿ ತೊಗಲು ಸುಲಿದು ಕೆಂಪಗಾಗಿತ್ತು.

"ನೋಡ್ರಿ ಬಾಯಾರ, ಮಗ್ಗದ ಹಾಸಿನ ನೂಲಿಗೆ ನಾವು ಗಂಜಿ ಹಚ್ಚತೀವಿ, ಹರೀಬಾರ್ದು ಅಂತ. ನೇದ ಮ್ಯಾಲ ಆ ಗಂಜಿ ಹೋಗ್ಲಿಕ್ಕಂದ್ರ ಬಣ್ಣ ಹಿಡ್ಯಂಗಿಲ್ಲ. ಅದಕ್ಕ ಉರಿಯೋ ಸೋಡಾದಾಗ ಕುದಸ್ತೀವಿ. ಗಂಜಿನೂ ಹೊಕ್ಕೈತಿ, ನಮ್ಮ ತೊಗಲೂ ಹೊಕ್ಕೈತಿ. ಮಣ್ಣಿನ್ಯಾಗಿನ ಉಪ್ಪು ಹುಡುಕಿ ಕೊಡ್ತೀರಂತ ನೀವು. ಗಂಜಿ ಅಷ್ಟ ತಿಂದು ಕೈ ಬಿಡೋವಂಥಾದ್ದು ಏನಾರ ಹುಡುಕಿ ಕೊಡಾಕ ಆಗಂಗಿಲ್ಲೇನ್ರಿ?"

ಇದು ನಮ್ಮ ಕೆಲಸವಲ್ಲ ಎಂದು ಹೇಳಿ ಕಳಿಸಬಹುದಿತ್ತು. ದೇಸಾಯಿಯವರು ಆ ಕೈಗಳನ್ನು ನೋಡಿದರು, ಹಾಗೆ ಹೇಳಲಿಲ್ಲ. ಗಂಜಿಯನ್ನು ಮಾತ್ರ ತುಂಡರಿಸುವ ಕಿಣ್ವ ಎಂಬುದೊಂದು ಉಂಟು ಎಂದು ಅವರಿಗೆ ಗೊತ್ತಿತ್ತು. ಕಿಣ್ವವೆಂದರೆ ಬೇರೇನಲ್ಲ, ಜೀವಕೋಶಗಳು ತಮ್ಮ ಕೆಲಸಕ್ಕೆಂದು ತಯಾರಿಸಿಕೊಳ್ಳುವ ಒಂದು ಪ್ರೋಟೀನು. ನಮ್ಮ ಎಂಜಲಿನಲ್ಲೂ ಅದು ಇದೆ, ರೊಟ್ಟಿ ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಅದರಿಂದಲೇ. ದೇಸಾಯಿಯವರು ದೊಡ್ಡ ಊರಿನಿಂದ ಒಂದು ಬಾಟಲಿ ಕಿಣ್ವ ತರಿಸಿದರು. ಮೊದಲ ಸಲ ಬೆಚ್ಚನೆಯ ನೀರಿಗೆ ಹಾಕಿದಾಗ ಬಟ್ಟೆಯ ಗಂಜಿ ಚೆನ್ನಾಗಿ ಬಿಟ್ಟಿತು. ಶಂಕ್ರಮ್ಮ ಬರಿಗೈಯಲ್ಲಿ ಬಟ್ಟೆ ಎತ್ತಿ, "ಉರಿ ಇಲ್ಲೇ ಇಲ್ಲಲ್ರೀ!" ಎಂದು ಮಗುವಿನಂತೆ ನಕ್ಕಳು.

ಆಮೇಲೆ ಬೇಸಿಗೆ ಬಂತು. ಗಂಗಾವತಿಯ ಬೇಸಿಗೆ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಎರಡು ದಿನ ಕರೆಂಟು ಹೋಯಿತು. ಬಾಟಲಿ ಫ್ರಿಜ್ಜಿನಲ್ಲೇ ಇತ್ತು, ಫ್ರಿಜ್ಜು ಮಾತ್ರ ಒಲೆಯಂತಾಗಿತ್ತು. ಕಿಣ್ವವನ್ನು ಮತ್ತೊಮ್ಮೆ ಪರೀಕ್ಷಿಸದೆ ನಾನು ಅದೇ ಬಾಟಲಿಯನ್ನು ಕೊಪ್ಪಳಕ್ಕೆ ಒಯ್ದುಕೊಟ್ಟೆ. ಇದು ನನ್ನ ಮೊದಲ ದೊಡ್ಡ ತಪ್ಪು. ಗಂಜಿ ಅರ್ಧ ಉಳಿದು, ಕೆಂಪು ಬಣ್ಣ ಹಾಕಿದ ಬಟ್ಟೆಯ ತುಂಬ ಬಿಳಿ ಮಚ್ಚೆಗಳೆದ್ದವು. ಮದುವೆ ಮನೆಯೊಂದಕ್ಕೆ ಹೋಗಬೇಕಾದ ಬಟ್ಟೆ ಅದು. ಶಂಕ್ರಮ್ಮ ಬೈಯಲಿಲ್ಲ. "ಮತ್ತ ಸೋಡಾಕ್ಕ ಹೊಕ್ಕೀವಿ ಬಿಡ್ರಿ" ಎಂದು ಒಲೆಯ ಕಡೆಗೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ನಮ್ಮ ಸೀಮೆಯ ಬಿಸಿಲು ತಡೆಯುವ ಕಿಣ್ವ ಬೇಕು ಎಂಬುದು ಆವತ್ತು ಖಾತ್ರಿಯಾಯಿತು. ಅದು ಎಲ್ಲಿದೆ ಎಂದು ತೋರಿಸಿದ್ದು ಗಂಗಾವತಿ ಹತ್ತಿರದ ಮರಳಿ ಎಂಬ ಊರಿನ ಒಂದು ಹುಲ್ಲಿನ ಬಣವಿ. ಮಣ್ಣು ತರಲು ಆ ಊರಿಗೆ ಹೋಗಿದ್ದೆ. ಮುಂಚಿನ ವಾರ ಅಡ್ಡಮಳೆ ಬಂದು ಕಣದಲ್ಲಿ ಒಟ್ಟಿದ್ದ ಭತ್ತದ ಹುಲ್ಲು ತೊಯ್ದಿತ್ತು. ರೈತ ಹನುಮಂತಪ್ಪ ಬಣವಿ ಬಿಚ್ಚುತ್ತಿದ್ದ, ಒಳಗಿನಿಂದ ಅನ್ನದ ಗಡಿಗೆಯ ಮುಚ್ಚಳ ತೆಗೆದ ಹಾಗೆ ಹಬೆ ಏಳುತ್ತಿತ್ತು.

"ಕೈ ಹಾಕಬ್ಯಾಡ್ರಿ ಅಕ್ಕಾರ, ಒಳಗ ಕೆಂಡ ಆಗೈತಿ" ಎಂದ.

ಥರ್ಮಾಮೀಟರು ತುರುಕಿ ನೋಡಿದೆ. ಅರವತ್ತೈದು ಡಿಗ್ರಿ. ಕೈ ಇಟ್ಟರೆ ಬೊಬ್ಬೆ ಬರುವ ಬಿಸಿ. ಆದರೆ ಅಲ್ಲಿ ಬೆಂಕಿ ಇರಲಿಲ್ಲ. ಹುಲ್ಲನ್ನು ಕೊಳೆಸುವ ಜೀವಿಗಳೇ ಆ ಬಿಸಿಯನ್ನು ಹುಟ್ಟಿಸಿ, ಅದೇ ಬಿಸಿಯಲ್ಲಿ ಸಂಸಾರ ಮಾಡಿಕೊಂಡಿದ್ದವು. ನನ್ನ ಚಹಾದ ಥರ್ಮಾಸ್ ಫ್ಲಾಸ್ಕನ್ನು ಖಾಲಿ ಮಾಡಿ, ಬಿಸಿನೀರಿನಿಂದ ತೊಳೆದು, ಅದರೊಳಗೆ ಆ ಹುಲ್ಲು ತುಂಬಿಕೊಂಡು ಬಂದೆ.

ಬಿಸಿಯಲ್ಲೇ ಬೆಳೆಸಬೇಕೆಂಬಷ್ಟು ಬುದ್ಧಿ ನನಗಿತ್ತು. ಬಿಸಿನೀರಿನ ತೊಟ್ಟಿಯ ಮೇಲೆ ಕೂರಿಸಿದ ಒಂದು ತಗಡಿನ ಪೆಟ್ಟಿಗೆಯೊಳಗೆ ಅರವತ್ತು ಡಿಗ್ರಿ ಇಟ್ಟು, ಹುಲ್ಲಿನ ರಸ ಸವರಿದ ಗಾಜಿನ ತಟ್ಟೆಗಳು ಒಣಗದಿರಲಿ ಎಂದು ಪಕ್ಕದಲ್ಲಿ ನೀರಿನ ಬೋಗುಣಿ ಇಟ್ಟೆ. ಎರಡೇ ದಿನದಲ್ಲಿ ಬ್ಯಾಕ್ಟೀರಿಯಾಗಳು ಬೂದು ಚುಕ್ಕೆಗಳಾಗಿ ಎದ್ದವು. ಅವು ಬಿಟ್ಟ ರಸವನ್ನು ಸೋಸಿ, ಗಂಜಿಗೆ ಬೆರೆಸಿ, ಅಯೋಡಿನ್ ಹನಿ ಹಾಕಿದೆ. ಗಂಜಿ ಇದ್ದರೆ ಅಯೋಡಿನ್ ನೀಲಿಯಾಗುತ್ತದೆ, ಕಿಣ್ವ ಗಂಜಿಯನ್ನು ತಿಂದುಬಿಟ್ಟಿದ್ದರೆ ನೀಲಿ ಬರುವುದಿಲ್ಲ. ಅರ್ಧ ತಾಸು ಕಾದೆ. ನೀಲಿ. ಮರುದಿನವೂ ನೀಲಿ. "ಕಿಣ್ವ ಇಲ್ಲ" ಎಂದು ಬರೆದು ಸಹಿ ಹಾಕಿದೆ.

ಪರೀಕ್ಷೆಯ ಗಾಜಿನ ನಳಿಗೆಗಳನ್ನು ತೊಳೆಯಲು ಖಾಜಾಸಾಬರಿಗೆ ಕೊಟ್ಟೆ. ಅವರು ತಕ್ಷಣ ತೊಳೆಯಲಿಲ್ಲ.

"ಮೇಡಂ, ಇದನ್ನ ಎಷ್ಟ್ ಬಿಸ್ಯಾಗ ಇಟ್ಟು ನೋಡಿದ್ರಿ?"

"ಮೂವತ್ತೇಳು ಡಿಗ್ರಿ. ಕಿಣ್ವದ ಪರೀಕ್ಷಾಕ್ಕ ಪುಸ್ತಕದಾಗ ಹಂಗ ಐತಿ."

"ಪುಸ್ತಕ ಬರೋಬರಿ ಇರಬೌದು ಬಿಡ್ರಿ. ಬೆಂಕ್ಯಾಗ ಹುಟ್ಟಿ ಬೆಳದದ್ದನ್ನ ತಣ್ಣಗ ಕುಂದ್ರಿಸಿ ದುಡಿ ಅಂದ್ರ ಅದು ಹೆಂಗ ದುಡೀಬೇಕ್ರಿ?"

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಪುಸ್ತಕದಲ್ಲಿದ್ದ ಮೂವತ್ತೇಳು ನಮ್ಮ ಮೈಯ ಬಿಸಿ, ಬಣವಿಯ ಬ್ಯಾಕ್ಟೀರಿಯಾಕ್ಕೆ ಅದು ಚಳಿಗಾಲ. ಉಳಿದ ರಸವನ್ನು ಅರವತ್ತೈದಕ್ಕೆ ಇಟ್ಟು ಸ್ಟಾಪ್‌ವಾಚು ಒತ್ತಿದೆ. ನಾಲ್ಕು ನಿಮಿಷಕ್ಕೆ ಅಯೋಡಿನ್ ಹಾಕಿದರೆ ನೀಲಿಯ ಸುಳಿವೂ ಇಲ್ಲ, ತಿಳಿಹಳದಿ. ಖಾಜಾಸಾಬರು ಮೀಸೆಯಡಿ ನಗುತ್ತ ನಿಂತಿದ್ದರು. "ಕಿಣ್ವ ಇಲ್ಲ" ಎಂಬುದರ ಮೇಲೆ ಒಂದು ಗೆರೆ ಎಳೆದು, "ಇದೆ, ಪರೀಕ್ಷಿಸಿದವಳಿಗೆ ತಿಳಿಯಲಿಲ್ಲ" ಎಂದು ಬರೆದೆ. ದೇಸಾಯಿಯವರು ಓದಿ ಪಕ್ಕದಲ್ಲಿ ತಮ್ಮ ಸಹಿ ಹಾಕಿದರು.

ಯಾಕೆ ಹೀಗೆ ಎಂಬುದನ್ನು ಆ ಮಧ್ಯಾಹ್ನ ಅವರೇ ವಿವರಿಸಿದರು. ಕಿಣ್ವವನ್ನು ನಾವು ಕಲ್ಲಿನಂಥ ವಸ್ತು ಎಂದುಕೊಳ್ಳುತ್ತೇವೆ, ಹಾಗಲ್ಲ. ಅದು ಮಡಿಚಿಕೊಂಡ ಒಂದು ಉದ್ದನೆಯ ಸರ. ಕೆಲಸ ಮಾಡುವಾಗ ಅದು ಅಲುಗಾಡಬೇಕು. ಬಾಯಿ ತೆರೆಯಬೇಕು, ಗಂಜಿಯನ್ನು ಕಚ್ಚಬೇಕು, ತುಂಡನ್ನು ಬಿಡಬೇಕು. ಸಾಮಾನ್ಯ ಕಿಣ್ವದ ಮಡಿಕೆಗಳು ಸಡಿಲ. ಅದಕ್ಕೇ ಬೆಚ್ಚನೆಯ ನೀರಿನಲ್ಲಿ ಚುರುಕಾಗಿ ದುಡಿಯುತ್ತದೆ, ಬಿಸಿ ಹೆಚ್ಚಾದರೆ ಬಿಚ್ಚಿ ಹೋಗಿ ಮತ್ತೆ ಕೂಡಿಕೊಳ್ಳುವುದಿಲ್ಲ. ಬಣವಿಯ ಕಿಣ್ವದ ಮಡಿಕೆಗಳು ಗಟ್ಟಿ ಹೆಣಿಗೆಯವು. ಬಿಸಿಗೆ ಬಿಚ್ಚುವುದಿಲ್ಲ. ಆದರೆ ಆ ಗಟ್ಟಿತನದಿಂದಲೇ ತಣ್ಣಗಿದ್ದಾಗ ಬಾಯಿ ತೆರೆಯಲು ಬರುವುದಿಲ್ಲ. ಬಿಸಿ ತಾಗಿ ಸ್ವಲ್ಪ ಸಡಿಲಾದ ಮೇಲೆಯೇ ಅದಕ್ಕೆ ಕೈಕಾಲು ಆಡುವುದು.

"ಬಿಗಿ ಇದ್ದಷ್ಟು ಬಾಳಿಕೆ, ಸಡಿಲ ಇದ್ದಷ್ಟು ಕೆಲಸ. ಎರಡೂ ಒಂದರಾಗ ಬೇಕಂದ್ರ ಭಾಳ ಕಷ್ಟ ಅದ" ಎಂದರು. ಪ್ರೋಟೀನು ಅಲುಗಾಡುವುದನ್ನು ನೋಡುವ ಯಂತ್ರ ನಮ್ಮ ಬಳಿ ಇರಲಿಲ್ಲ. ದೊಡ್ಡ ಊರುಗಳಲ್ಲಿ ತಿಳಿದವರು ಆಗ ಇದನ್ನೇ ಚರ್ಚಿಸುತ್ತಿದ್ದರಂತೆ. ನಾವು ನೋಡಿದ್ದು ನೀಲಿ ಹೋಗಲು ಹಿಡಿದ ನಿಮಿಷಗಳನ್ನು ಮಾತ್ರ.

ಬಣವಿಯ ಕಿಣ್ವವನ್ನು ಕಿಟಕಿಯ ಬಿಸಿಲು ಬೀಳುವ ಮೇಜಿನ ಮೇಲೆ ಒಂದು ತಿಂಗಳು ಇಟ್ಟೆವು. ಫ್ರಿಜ್ಜಿಲ್ಲ, ನೆರಳಿಲ್ಲ. ಆದರೂ ಕೆಲಸ ಮಾಡಿತು. ಸಂತೋಷದಿಂದ ಕೊಪ್ಪಳಕ್ಕೆ ಒಯ್ದೆವು. ಎಪ್ಪತ್ತು ಡಿಗ್ರಿಯ ಹಂಡೆಯಲ್ಲಿ ಗಂಜಿ ಬೆಣ್ಣೆಯಂತೆ ಕರಗಿತು. ಸೋಡಾಕ್ಕೆ ಒಂದು ಕುದಿ ಬಂದರೆ ಸಾಕಿತ್ತು, ಆದರೆ ಇಲ್ಲಿ ಆ ಬಿಸಿಯನ್ನು ತಾಸುಗಟ್ಟಲೆ ಹಿಡಿದಿಡಲು ಜಾಲಿಕಟ್ಟಿಗೆ ಒಂದೇ ಸಮನೆ ಒಟ್ಟಬೇಕಾಯಿತು. ಹೆಂಗಸರು ಹಬೆಯಲ್ಲಿ ಬೆಂದು ಹೋದರು.

ಶಂಕ್ರಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದಳು: "ಸೋಡಾ ಕೈ ಸುಡತಿತ್ತು, ಇದು ಮಾರಿ ಸುಡತೈತಿ ನೋಡ್ರಿ. ಇಷ್ಟ್ ದೂರ ಬಂದೀರಿ, ಇನ್ನೊಂದ್ ಹೆಜ್ಜಿ ಇಡ್ರಿ. ಕೈ ಇಟ್ಟು ತೆಗಿಯೋವಷ್ಟು ಬಿಸ್ಯಾಗ ದುಡಿಯೋ ಹಂಗ ಮಾಡ್ರಿ."

ಐವತ್ತು ಡಿಗ್ರಿಯಲ್ಲಿ ಕೆಲಸ ಮಾಡಿಸುವುದು ಹೇಗೆಂದು ಆಮೇಲೆ ಒಂದು ವರ್ಷ ತಲೆ ಕೆಡಿಸಿಕೊಂಡೆವು. ಮಣ್ಣು, ಗೊಬ್ಬರದ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಇದು. ಐವತ್ತರಲ್ಲಿ ನೀಲಿ ಹೋಗಲು ಇಪ್ಪತ್ತು ನಿಮಿಷದ ಮೇಲೆ ಬೇಕಾಗುತ್ತಿತ್ತು. ಒಂದು ದಿನ ಮಾತ್ರ ಒಂಬತ್ತೇ ನಿಮಿಷಕ್ಕೆ ಹೋಯಿತು. ಕುಣಿಯುತ್ತ ದೇಸಾಯಿಯವರಿಗೆ ತೋರಿಸಿದೆ. "ಮತ್ತೊಮ್ಮೆ ಮಾಡು" ಎಂದರು. ಮಾಡಿದೆ, ಇಪ್ಪತ್ತೆರಡು. ಮತ್ತೆ ಮಾಡಿದೆ, ಇಪ್ಪತ್ತೊಂದು. ಒಂದು ವಾರ ಮಾಡಿದೆ. ಒಂಬತ್ತು ಮರಳಿ ಬರಲೇ ಇಲ್ಲ.

ದೇಸಾಯಿಯವರು ನನ್ನ ನೋಟ್‌ಬುಕ್ಕನ್ನು ಮುಚ್ಚಿ ಮೇಜಿನ ಮೇಲಿಟ್ಟರು. ದನಿ ಏರಿಸಲಿಲ್ಲ.

"ಸರೋಜಾ, ಶಂಕ್ರಮ್ಮನ ಕೈ ನೋಡಿ ನಿನಗ ಮರುಕ ಬಂದದ, ನನಗೂ ಬಂದದ. ಮರುಕಕ್ಕ ಅಂಕಿ ಬದಲಾಗೂದಿಲ್ಲ. ಒಂಬತ್ತು ನೀ ಖರೇನೇ ನೋಡಿದ್ಯೋ, ನೋಡಬೇಕಂತ ಅನ್ಸಿ ಬರದ್ಯೋ?"

ನನ್ನ ಕಣ್ಣಲ್ಲಿ ನೀರು ಬಂತು. "ನೋಡೇನ್ರಿ ಸರ್" ಎಂದಷ್ಟೇ ಹೇಳಿ ಹೊರಗೆ ಬಂದೆ. ಸುಳ್ಳು ಬರೆದವಳು ಎಂಬ ಗುಮಾನಿ ಹೊತ್ತುಕೊಂಡು ಆ ಕೋಣೆಯಲ್ಲಿ ಉಳಿಯುವುದು ಆಗದ ಮಾತಾಗಿತ್ತು. ರಾಜೀನಾಮೆ ಬರೆಯಲೋ ಎಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ, ಬರೆಯುವ ಬದಲು ಆ ಒಂಬತ್ತರ ದಿನ ಏನೇನು ನಡೆಯಿತು ಎಂದು ಬೆಳಗಿನಿಂದ ಒಂದೊಂದಾಗಿ ನೆನಪು ಮಾಡಿಕೊಂಡೆ.

ಆ ವಾರ ಖಾಜಾಸಾಬರಿಗೆ ಜ್ವರ. ಗಾಜಿನ ಸಾಮಾನು ತೊಳೆದದ್ದು ನಾನೇ. ಯೂರಿಯಾ ಪರೀಕ್ಷೆಯ ಮೇಜು, ಕಿಣ್ವದ ಮೇಜು ಅಕ್ಕಪಕ್ಕದಲ್ಲಿದ್ದವು. ಅವಸರದಲ್ಲಿ ಯೂರಿಯಾ ದ್ರಾವಣ ಇದ್ದ ಗಾಜಿನ ಫ್ಲಾಸ್ಕನ್ನು ಬರೀ ಬಗ್ಗಿಸಿ, ತೊಳೆದೆನೆಂದುಕೊಂಡು ಅದರಲ್ಲೇ ಗಂಜಿ ಕಲಸಿದ್ದೆ. ತಳದಲ್ಲಿ ಸ್ವಲ್ಪ ಉಳಿದಿರಲೇಬೇಕು.

ಇದನ್ನು ಹೇಳಿದರೆ ಸುಳ್ಳುಗಾರ್ತಿ ಎಂಬ ಹೆಸರು ಹೋಗಿ ಕೊಳಕಿ ಎಂಬ ಹೆಸರು ಬರುತ್ತದೆ ಎನಿಸಿತು. ಆದರೂ ಹೋಗಿ ಹೇಳಿದೆ. ದೇಸಾಯಿಯವರು ತಟಕ್ಕನೆ ಎದ್ದು, ಕೋಟಿನ ತೋಳು ಮೇಲೆ ಮಡಚಿ, "ಯೂರಿಯಾ ಅಂದಾಜು ಎಷ್ಟಿತ್ತು?" ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹಸಿವಿತ್ತು.

ಆ ದಿನ ನಾವಿಬ್ಬರೂ ಊಟಕ್ಕೆ ಏಳಲಿಲ್ಲ. ಸಾಲಾಗಿ ನಳಿಗೆಗಳನ್ನಿಟ್ಟು, ಒಂದರಲ್ಲಿ ಯೂರಿಯಾ ಇಲ್ಲ, ಮುಂದಿನದರಲ್ಲಿ ತುಸು, ಅದರ ಮುಂದಿನದರಲ್ಲಿ ಇನ್ನೂ ತುಸು, ಹೀಗೆ ಏರಿಸುತ್ತ ಹೋದೆವು. ತುಸು ಇದ್ದ ನಳಿಗೆ ಹತ್ತು ನಿಮಿಷಕ್ಕೆ ತಿಳಿಯಾಯಿತು. ಇನ್ನೊಂದು ಎಂಟಕ್ಕೆ. ಬಹಳ ಯೂರಿಯಾ ಇದ್ದವು ಸಂಜೆಯವರೆಗೂ ನೀಲಿಯಾಗಿಯೇ ನಿಂತವು, ಅಲ್ಲಿ ಕಿಣ್ವ ಪೂರ್ತಿ ಬಿಚ್ಚಿ ಸತ್ತಿತ್ತು. ಪ್ರೋಟೀನಿನ ಹೆಣಿಗೆಯನ್ನು ಸಡಿಲಿಸುವುದು ಯೂರಿಯಾದ ಗುಣ. ಬಿಸಿ ಮಾಡಬೇಕಾದ ಕೆಲಸವನ್ನು ಚಿಟಿಕೆ ಯೂರಿಯಾ ಮಾಡಿಕೊಟ್ಟಿತ್ತು. ಅದೇ ಚಿಟಿಕೆಯನ್ನು ಎಪ್ಪತ್ತು ಡಿಗ್ರಿಯ ನೀರಿಗೆ ಹಾಕಿದರೆ ಕಿಣ್ವ ಬೇಗ ಸಾಯುತ್ತಿತ್ತು. ಸಡಿಲದ ಮೇಲೆ ಸಡಿಲ, ಮಡಿಕೆ ತಾಳಲಿಲ್ಲ.

"ನಿನ್ನ ಮ್ಯಾಲ ಸಂಶಯ ಪಟ್ಟೆ. ಅದನ್ನೂ ಬರಿ" ಎಂದರು ದೇಸಾಯಿಯವರು. ನಾನು ಬರೆಯಲಿಲ್ಲ. ಅವರೇ ಪೆನ್ನು ತೆಗೆದುಕೊಂಡು, ಆ ವಾರದ ಪುಟದ ಅಂಚಿನಲ್ಲಿ "ಮೊದಲ ಅಂಕಿ ಸರಿಯಿತ್ತು, ನಂಬದಿದ್ದದ್ದು ನನ್ನ ತಪ್ಪು" ಎಂದು ಬರೆದು ಸಹಿ ಮಾಡಿದರು. ನಲವತ್ತು ವರ್ಷ ಹತ್ತಿರ ಬಂತು. ನನಗೆ ಸಿಕ್ಕ ಯಾವ ಬಡ್ತಿಯ ಆರ್ಡರಿನ ಪ್ರತಿಯನ್ನೂ ನಾನು ಅಷ್ಟು ಸಲ ಓದಿಲ್ಲ.

ಆದರೂ ಒಂದು ತೊಡಕು ಉಳಿಯಿತು. ಯೂರಿಯಾ ಹಾಕಿದ ಕಿಣ್ವ ಚುರುಕಾಗಿ ದುಡಿಯುತ್ತಿತ್ತು, ಆದರೆ ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ನಿಲ್ಲುತ್ತಿತ್ತು. ದಿನಕ್ಕೆ ಎರಡು ಸಲ ಹೊಸದು ಹಾಕಬೇಕು. ಕೊಪ್ಪಳದ ಹೆಂಗಸರು ಹಾಗೆಯೇ ನಡೆಸಿದರು. ನೀರು ಕೈಗೆ ಬಿಸಿಯಷ್ಟೇ, ಉರಿ ಇಲ್ಲ. ಎರಡು ತಿಂಗಳಲ್ಲಿ ಶಂಕ್ರಮ್ಮನ ಅಂಗೈಯ ಬಿರುಕು ಕೂಡಿ ಹೊಸ ತೊಗಲು ಬಂದಿತ್ತು. ಕಿಣ್ವದ ಬಿಗಿ ಸಡಿಲದ ಮಾತನ್ನು ಅವಳಿಗೆ ಹೇಳಿದಾಗ ಅವಳು ಒಂಚೂರೂ ಬೆರಗಾಗಲಿಲ್ಲ. "ಮಗ್ಗದ ಹಾಸಿಂದೂ ಹಂಗ ಅಲ್ಲೇನ್ರಿ? ಭಾಳ ಜಗ್ಗಿ ಬಿಗದ್ರ ಲಾಳಿ ಓಡಂಗಿಲ್ಲ, ಭಾಳ ಸಡಿಲ ಬಿಟ್ರ ಬಟ್ಟಿನ ಆಗಂಗಿಲ್ಲ" ಎಂದಳು.

ಎಂಬತ್ತರ ದಶಕ ಶುರುವಾಗಿತ್ತು. ಯಲಬುರ್ಗಾದ ಹೆಂಗಸರು ಕೇಳಿದರು, ಆಮೇಲೆ ಕುಷ್ಟಗಿಯಿಂದ ಕರೆ ಬಂತು. ನನ್ನ ಊರು. ಕಲಿಸಲು ನಾನು ಹೋಗುವುದೆಂದಾಯಿತು, ಜೊತೆಗೆ ಶಂಕ್ರಮ್ಮನನ್ನೂ ಕರೆದುಕೊಂಡು ಹೋದೆ. ಬೆಳಿಗ್ಗೆ ಬಾವಿಯ ನೀರು ಕಾಯಿಸಿ ಕಿಣ್ವ, ಚಿಟಿಕೆ ಯೂರಿಯಾ ಹಾಕಿದೆವು. ಅಂದುಕೊಂಡಷ್ಟು ಚುರುಕಿರಲಿಲ್ಲ. ಮಧ್ಯಾಹ್ನ ಹೊಸ ಕಿಣ್ವ ಹಾಕಲು ನಾನು ಬಾಟಲಿ ತೆಗೆದೆ. ಶಂಕ್ರಮ್ಮ ಕೈ ಹಿಡಿದಳು.

"ತಡೀರಿ ಬಾಯಾರ. ಹಳೇದು ಇನ್ನೂ ದುಡಿಯಾಕ ಹತ್ತೈತಿ."

ಅಯೋಡಿನ್ ಹಾಕಿ ನೋಡಿದೆ. ನಿಜ. ಸಂಜೆ ಐದಕ್ಕೂ ಅದು ದುಡಿಯುತ್ತಲೇ ಇತ್ತು. ನನಗೆ ಕಾರಣ ಹೊಳೆಯಲಿಲ್ಲ. ಶಂಕ್ರಮ್ಮ ಆ ಮನೆಯ ಹೆಂಗಸಿನ ಕಡೆ ತಿರುಗಿ ಕೇಳಿದಳು: "ಯವ್ವಾ, ಈ ಬಾವಿ ನೀರಿನ್ಯಾಗ ಬ್ಯಾಳಿ ಜಲ್ದಿ ಬೇಯತಾವೇನ?"

"ಎಲ್ಲಿ ಬೇಯತಾವಬೇ! ಒಂದು ಹೊತ್ತಿಂದು ಕಟ್ಟಿಗಿ ಉರದ್ರೂ ಕಲ್ಲು ಕಲ್ಲ. ಸವುಳ ನೀರು."

ಶಂಕ್ರಮ್ಮ ನನ್ನ ಮುಖ ನೋಡಿದಳು. "ನೀರಿನ್ಯಾಗ ಏನೋ ಐತ್ರಿ. ಬ್ಯಾಳಿ ಬಿಗಿ ಹಿಡಿಯೋದು ಏನೈತಿ, ಅದ ನಿಮ್ಮ ಕಿಣ್ವನೂ ಬಿಗಿ ಹಿಡದೈತಿ."

ಹುಟ್ಟಿದಾಗಿನಿಂದ ಆ ನೀರು ಕುಡಿದು ಬೆಳೆದವಳು ನಾನು, ನನಗೆ ಆ ಪ್ರಶ್ನೆ ಬಂದಿರಲಿಲ್ಲ. ಗಂಗಾವತಿಗೆ ನೀರು ಒಯ್ದು ನೋಡಿದರೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ತುಂಬಿತ್ತು. ದೇಸಾಯಿಯವರು ಪುಸ್ತಕ ತೆಗೆದು ತೋರಿಸಿದರು. ಗಂಜಿ ತಿನ್ನುವ ಕಿಣ್ವಗಳು ಸುಣ್ಣದ ಕಣಗಳನ್ನು ಅಂಗಿಯ ಗುಂಡಿಯ ಹಾಗೆ ಬಳಸಿ ತಮ್ಮ ಮಡಿಕೆ ಬಿಗಿದುಕೊಳ್ಳುತ್ತವಂತೆ. ಅಲ್ಲಿಂದ ಮುಂದೆ ನಮ್ಮ ವಿಧಾನ ಗಟ್ಟಿಯಾಯಿತು. ಬಾಟಲಿಯಲ್ಲಿ ಇಡುವಾಗ ಚೂರು ಸುಣ್ಣದ ಉಪ್ಪು, ಕಿಣ್ವ ಬಿಗಿಯಾಗಿ ಬಾಳಲಿ. ಹಂಡೆಗೆ ಹಾಕುವಾಗ ಚಿಟಿಕೆ ಯೂರಿಯಾ, ಸಡಿಲಾಗಿ ದುಡಿಯಲಿ. ಎಷ್ಟೆಷ್ಟು ಎಂಬುದು ಆಯಾ ಊರಿನ ನೀರು ನೋಡಿ. ಪುಸ್ತಕದ ಒಂದೇ ಅಂಕಿಯನ್ನು ಎಲ್ಲ ಊರಿಗೂ ಹಚ್ಚುವುದನ್ನು ನಾವು ಆವತ್ತಿಗೆ ಬಿಟ್ಟೆವು. ನೀವೂ ಬಿಡಿ ಎಂದು ನಿಮಗೆ ಹೇಳುತ್ತೇನೆ.

ಮುಂದಿನ ವರ್ಷ ಮತ್ತೆ ಕುಷ್ಟಗಿಗೆ ಹೋದಾಗ ಕಲಿಸುತ್ತಿದ್ದವಳು ಶಂಕ್ರಮ್ಮ. ಹದಿನೈದು ಹೆಂಗಸರು ಸುತ್ತ ಕೂತಿದ್ದರು. ಕಿಣ್ವಕ್ಕೆ ಬಾಯಿ ಇದೆ, ಅದು ತೆರೆಯಬೇಕು, ಮುಚ್ಚಬೇಕು ಎಂದು ಬೆರಳು ಮಡಚಿ ಬಿಚ್ಚಿ ತೋರಿಸುತ್ತಿದ್ದಳು. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದೆ. ಒಬ್ಬ ಹುಡುಗಿ ನನ್ನ ಕಡೆ ಬೆರಳು ಮಾಡಿ, "ಇವ್ರ್ಯಾರಬೇ?" ಎಂದು ಕೇಳಿದಳು.

"ಇವ್ರಾ? ನನ್ನ ಜೋಡಿನ ಕಲ್ತವರವ್ವಾ" ಎಂದಳು ಶಂಕ್ರಮ್ಮ. ನನಗೂ ಕೂರಲು ಜಾಗ ಮಾಡಿಕೊಟ್ಟು, ಪಾಠ ಮುಂದುವರಿಸಿದಳು.